ಫೈನಲ್‌ನಲ್ಲಿ ಕೂರಿಸುವ ಕೋಚು

ಹಮ್ದಾನ್ ಸ್ಟ್ರೀಟ್, ಅಬುಧಾಬಿ
ಜನವರಿ 6, 2013

ಶ್ರೀಮತಿ ರೆಜಿನಾ ಅವರಿಗೆ ನಮಸ್ಕಾರಗಳು.

ನನ್ನ ಪರಿಚಯ ನಿಮಗಿಲ್ಲ. ಪಡುಗೋಳಿ ಕಾಲೇಜಿನ ಹಳೆ ವಿದ್ಯಾರ್ಥಿಗಳ ಸಂಘದ ಅಬುಧಾಬಿ ಶಾಖೆಗೆ ನಾನು ಕಾರ್ಯದರ್ಶಿ. ಹೊಟ್ಟೆಪಾಡಿಗೆ ಇಲ್ಲೊಂದು ಕಂಪನಿಯಲ್ಲಿ ಅಕೌಂಟೆಂಟ್. ನಿಮ್ಮ ಪೋಸ್ಟ್ ಬಾಕ್ಸ್ ನಂಬರು ಕೊಟ್ಟವರು ಅಲಿಕುಂಞಿ. ಅವರ ತರಕಾರಿ ವ್ಯಾನು ನೀವು ನರ್ಸ್ ಆಗಿರುವ ಆಸ್ಪತ್ರೆಯ ಕ್ಯಾಂಟೀನಿಗೂ ಬರುತ್ತದಂತೆ. ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಹೆಂಡತಿಯ ದೂರು. ಹಾಗಾಗಿ ಸಂಘದ ಕೆಲಸಕ್ಕೆಲ್ಲ ಕಾಗದವೇ.

ವಿಷಯ ಇಷ್ಟು. ಬರುವ ಮಾರ್ಚ್ 15ರ ಶುಕ್ರವಾರ ಇಲ್ಲಿ ನಮ್ಮ ಸಂಘದ ಫುಟ್‌ಬಾಲ್ ಪಂದ್ಯಾಟ. ಬೆಳ್ಳಿಹಬ್ಬದ ವರ್ಷವೆಂದು ಹೊಸ ಕಪ್ ಮಾಡಿಸುತ್ತಿದ್ದೇವೆ. ಕಾಲೇಜು ತಂಡಕ್ಕೆ ಮುಖ್ಯ ಕೋಚ್ ಆಗಿದ್ದ ಮೂವರಲ್ಲಿ ಯಾರು ದೊಡ್ಡವರೋ ಅವರ ಹೆಸರನ್ನು ಕಪ್‌ಗೆ ಇಡುವುದು, ಅವರನ್ನೇ ಮುಖ್ಯ ಅತಿಥಿಯಾಗಿ ಕರೆಯುವುದು ಎಂದು ತೀರ್ಮಾನವಾಗಿದೆ. ಮೊದಲು ನಿಮ್ಮ ತಂದೆ ಆನ್ಸೆಲ್ಮ್ ಮಾಸ್ಟ್ರು, ಅವರ ನಂತರ ಭಟ್ಕಳದ ಹುಸೈನ್ ಸರ್, ಆಮೇಲೆ ಪೃಥ್ವಿರಾಜ್. ಮೂವರ ಕಾಲವನ್ನೂ ಹೋಲಿಸಿ ಸ್ಮರಣ ಸಂಚಿಕೆಗೆ ಲೇಖನ ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಅದನ್ನು ಸಭೆಯಲ್ಲಿ ಓದಿದ ಮೇಲೆ ಸದಸ್ಯರು ಕೈಯೆತ್ತಿ ಮತ ಹಾಕುತ್ತಾರೆ.

ಹುಸೈನ್ ಸರ್, ಪೃಥ್ವಿರಾಜ್ ಇಬ್ಬರೂ ಈಗ ದುಬೈಯಲ್ಲೇ ಇದ್ದಾರೆ. ನಿಮ್ಮ ತಂದೆಯವರು ಊರಿನಲ್ಲಿರುವುದರಿಂದ ಅವರದೊಂದು ಹಳೆಯ ಫೋಟೋ ಕಳುಹಿಸಿದರೆ ಸಾಕು, ಉಪಕಾರವಾಗುತ್ತದೆ.

ಇತಿ,
ಜಯಪಾಲ

ಅಲ್ ಐನ್
ಜನವರಿ 15, 2013

ಮಾನ್ಯ ಜಯಪಾಲ ಅವರಿಗೆ,

ನಿಮ್ಮ ಕಾಗದ ಕಂಡು ಖುಷಿಯಾಯಿತು. ಮನೆಯಲ್ಲಿ ಮಾತು ಕೊಂಕಣಿಯಾದರೂ ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ. ಬರೆಯದೆ ಕೈಗೆ ತುಕ್ಕು ಹಿಡಿದಿದೆ. ತಪ್ಪಿದ್ದರೆ ತಿದ್ದಿಕೊಳ್ಳಿ, ಮಾರ್ಕು ಮಾತ್ರ ಕಳೆಯಬೇಡಿ.

ಫೋಟೋ ಇಟ್ಟಿದ್ದೇನೆ. ಆದರೆ ಫೋಟೋಕ್ಕಿಂತ ದೊಡ್ಡ ಸುದ್ದಿ ಬೇರೆ ಉಂಟು. ಮಾಸ್ಟ್ರೇ ಇಲ್ಲಿದ್ದಾರೆ! ಕ್ರಿಸ್ಮಸ್‌ಗೆಂದು ವಿಸಿಟ್ ವೀಸಾದಲ್ಲಿ ಕರೆಸಿಕೊಂಡೆ, ಮಾರ್ಚ್ 20ರ ತನಕ ಇರುತ್ತಾರೆ. ಅಮ್ಮನಿಗೆ ವಿಮಾನವೆಂದರೆ ಹೆದರಿಕೆ, ಅವರು ಊರಿನಲ್ಲಿ ಅಣ್ಣನ ಜೊತೆ ಉಳಿದರು. ಅಪ್ಪನಿಗೆ ಈಗ ಎಂಬತ್ತು. ಕಣ್ಣು, ಕಿವಿ, ಬಾಯಿ ಮೂರೂ ಚೆನ್ನಾಗಿವೆ. ಬಾಯಿ ಸ್ವಲ್ಪ ಹೆಚ್ಚೇ ಚೆನ್ನಾಗಿದೆ. ಸಂಜೆ ಪಾರ್ಕಿಗೆ ಹೋದರೆ ಅಲ್ಲಿ ಚೆಂಡು ಒದೆಯುವ ಪಠಾಣರಿಗೆ ಕನ್ನಡದಲ್ಲಿ ಬೈಯುತ್ತಾರೆ. ಅವರು ನಕ್ಕು “ಯಲ್ಲಾ ಬಾಬಾ” ಎಂದು ಆಟಕ್ಕೆ ಕರೆದು ಚೆಂಡನ್ನು ಇವರ ಕಡೆಗೇ ತಳ್ಳುತ್ತಾರೆ.

ಅಪ್ಪ ಬಂದದ್ದು ಮಗಳನ್ನು ನೋಡಲು ಎಂದು ನಾನು ತಿಳಿದಿದ್ದೆ. ಬಂದ ಮರುದಿನವೇ ಕೇಳಿದರು, “ಇಲ್ಲಿಂದ ಅಬುಧಾಬಿಗೆ ಬಸ್ ಉಂಟಾ? ನಮ್ಮ ಮಕ್ಕಳು ಅಲ್ಲಿ ವರ್ಷಾ ವರ್ಷಾ ಆಡ್ತಾರಂತಲ್ಲ.” ಅವರ ಮಕ್ಕಳು ಎಂದರೆ ನಾನಲ್ಲ, ನೀವು! “ಕರ್ಕೊಂಡು ಹೋಗ್ತೇನೆ, ಅದಕ್ಕೇನು” ಅಂದೆ. “ಛೆ, ಕರೆಯದೆ ಹೋಗ್ಲಿಕ್ಕೆ ಉಂಟಾ? ಅವರಾಗಿ ಕರೆದರೆ ನೋಡುವ” ಅಂದರು. ಅಂದಿನಿಂದ ಯಾರ ಫೋನ್ ಬಂದರೂ “ಅಬುಧಾಬಿಯವರಾ?” ಎಂದು ಕೇಳುತ್ತಾರೆ. ನಾನು ಅಲ್ಲ ಅನ್ನುತ್ತೇನೆ. ಕೇಳಿಯೇ ಇಲ್ಲವೇನೋ ಎಂಬ ಹಾಗೆ ಕಿಟಕಿಯ ಹೊರಗೆ ನೋಡುತ್ತಾರೆ.

ಕಪ್‌ಗೆ ಯಾರ ಹೆಸರಾದರೂ ಇಡಿ. ಅಪ್ಪನ ಹೆಸರಿಗೆ ಒಂದು ಕರೆಯೋಲೆ ಕಳುಹಿಸಿ, ಅಷ್ಟು ಸಾಕು. ಮತ್ತೊಮ್ಮೆ ಈ ದೇಶಕ್ಕೆ ಬರುವ ಪ್ರಾಯವಲ್ಲ ಅವರದು. ನಾನು ಹೀಗೆ ಬರೆದದ್ದು ಅವರಿಗೆ ಗೊತ್ತಿಲ್ಲ. ಗೊತ್ತಾದರೆ ನನ್ನ ಕಥೆ ಮುಗಿಯಿತು.

ನಿಮ್ಮ,
ರೆಜಿನಾ

ಅಬುಧಾಬಿ
ಜನವರಿ 24, 2013

ಶ್ರೀಮತಿ ರೆಜಿನಾ ಅವರಿಗೆ,

ಕಾಗದ, ಫೋಟೋ ತಲುಪಿದವು. ತಂದೆಯವರು ಅಲ್ ಐನ್‌ನಲ್ಲಿರುವ ವಿಷಯ ತಿಳಿಯಿತು.

ಲೇಖನ ಬಹುಮಟ್ಟಿಗೆ ಮುಗಿದಿದೆ. ಹುಸೈನ್ ಸರ್ ಕಾಲವೆಂದರೆ ಕಾಲೇಜಿನ ಸುವರ್ಣಯುಗ. ಐದು ಸಲ ವಿಶ್ವವಿದ್ಯಾಲಯದ ಕಪ್ ತಂದರು. ಶೂ ಲೇಸ್ ಸಡಿಲವಾಗಿ ಕಂಡರೆ ಮೈದಾನಕ್ಕೆ ಸುತ್ತು ಹಾಕಿಸುವ ಮನುಷ್ಯ. ಸ್ವಂತ ತಮ್ಮನ ಮಗನನ್ನೇ ಅಭ್ಯಾಸಕ್ಕೆ ತಡವಾದನೆಂದು ತಂಡದಿಂದ ಹೊರಗೆ ಹಾಕಿದ್ದರು. ಪೃಥ್ವಿರಾಜ್ ಲ್ಯಾಪ್‌ಟಾಪ್ ಹಿಡಿದು ಬಂದ ಹೊಸ ಕಾಲದವರು. ಎದುರಾಳಿಯ ಆಟ ಹಿಂದಿನ ದಿನವೇ ವಿಡಿಯೋದಲ್ಲಿ ತೋರಿಸುತ್ತಿದ್ದರು, ಮೀನು ಸಾರು ಉಂಡು ಬೆಳೆದ ಹುಡುಗರಿಗೆ ಓಟ್ಸ್ ತಿನ್ನಿಸಿದರು. ಅವರಿಗೂ ಎರಡು ಕಪ್ ಇವೆ.

ಇನ್ನು ನಿಮ್ಮ ತಂದೆಯವರ ಕಾಲ. ಬರಿಗಾಲಲ್ಲಿ ಆಡುತ್ತಿದ್ದ ಹುಡುಗರ ಕಾಲಿಗೆ ಬೂಟು ಹಾಕಿಸಿ ತಂಡವೆಂಬುದನ್ನು ಕಟ್ಟಿದವರು ಅವರೇ. ಅದನ್ನು ಬರೆದಿದ್ದೇನೆ. ಆದರೆ 1979ರಿಂದ ಫೈನಲ್‌ಗೆ ಬಂದಾಗಲೆಲ್ಲ ಸೋತರು. ಒಂದೂ ಕಪ್ ಇಲ್ಲ. ಫೈನಲ್ ದಿನ ತಂಡದ ಒಳ್ಳೆಯ ಆಟಗಾರನನ್ನೇ ಕಾರಣ ಹೇಳದೆ ಹೊರಗೆ ಕೂರಿಸುವುದು ಅವರ ಪದ್ಧತಿಯಾಗಿತ್ತು. ಇಲ್ಲಿ ನಮ್ಮವರು ಅವರನ್ನು ಈಗಲೂ ‘ಫೈನಲ್‌ನಲ್ಲಿ ಕೂರಿಸುವ ಕೋಚು’ ಎಂದು ಹೇಳಿ ನಗುತ್ತಾರೆ. ಮಗಳಿಗೆ ಇದನ್ನು ಬರೆಯುವುದು ಕಷ್ಟ, ಆದರೆ ಹೋಲಿಕೆ ಮಾಡುವವನು ದಾಕ್ಷಿಣ್ಯ ನೋಡಬಾರದು.

ಕರೆಯೋಲೆಯ ಬಗ್ಗೆ: ಅತಿಥಿಗಳು ಯಾರೆಂಬುದು ಕಮಿಟಿಗೆ ಬಿಟ್ಟದ್ದು. ಪಂದ್ಯಾಟ ಸಾರ್ವಜನಿಕರಿಗೆ ಮುಕ್ತವಾಗಿದೆ. ಯಾರು ಬೇಕಾದರೂ ಬರಬಹುದು.

ಇತಿ,
ಜಯಪಾಲ

ಅಲ್ ಐನ್
ಫೆಬ್ರವರಿ 3, 2013

ಮಾನ್ಯ ಜಯಪಾಲ ಅವರಿಗೆ,

ಸಾರ್ವಜನಿಕರಿಗೆ ಮುಕ್ತ ಎಂದು ಬರೆದಿರಲ್ಲ, ಬಹಳ ಉಪಕಾರವಾಯಿತು. ಇಲ್ಲಿಯ ಮೀನು ಮಾರ್ಕೆಟ್ಟೂ ಸಾರ್ವಜನಿಕರಿಗೆ ಮುಕ್ತವೇ. ಆ ದಿನ ಅಪ್ಪನನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ ಬಿಡಿ.

ನಿಮ್ಮ ಹೋಲಿಕೆಯನ್ನು ಅಪ್ಪನಿಗೇ ಒಪ್ಪಿಸಿದೆ, ನಿಮ್ಮ ಹೆಸರು ಎತ್ತದೆ. ಮೂವರಲ್ಲಿ ಯಾರು ದೊಡ್ಡವರು ಅಂತ ಕೇಳಿದೆ. ಪೇಪರಿನಿಂದ ತಲೆಯೆತ್ತದೆ “ಹುಸೈನ್” ಅಂದರು. “ಅವನಿಗೆ ಗಟ್ಟಿ ಎದೆ ಉಂಟು. ಕೋಚ್ ಆದವನಿಗೆ ಅದು ಬೇಕು.” ನಿಮಗೆ ಇರಲಿಲ್ಲವಾ ಅಂದೆ. “ಇದ್ದಿದ್ರೆ ಕಪ್ ಬರ್ತಿತ್ತು” ಅಂದರು. ಹಾಗಾದರೆ ಫೈನಲ್‌ನಲ್ಲಿ ಒಳ್ಳೆಯವರನ್ನು ಕೂರಿಸಿದ್ದು ಯಾಕೆ? “ಆ ದಿನ ಬೇಡ ಅಂತ ಕಂಡಿತು.” ಹಾಗೆಂದು ಪುಟ ತಿರುಗಿಸಿದರು. ಓದಿ ಮುಗಿಯದ ಪುಟವನ್ನು ಅಪ್ಪ ತಿರುಗಿಸಿದರೆಂದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಅರ್ಥ, ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಏನು ಮುಚ್ಚಿಟ್ಟರೋ ನನಗೆ ತಿಳಿಯಲಿಲ್ಲ.

ನಿಮ್ಮ ಲೇಖನದಲ್ಲಿ ಇದೂ ಇರಲಿ. ಆ ಸೋಲುಗಳಿಗಾಗಿ 1984ರಲ್ಲಿ ಕಾಲೇಜಿನವರು ಅಪ್ಪನನ್ನು ಕೋಚ್ ಕೆಲಸದಿಂದ ತೆಗೆದು ಕ್ರೀಡಾ ಸಾಮಾನಿನ ಕೋಣೆ ನೋಡಿಕೊಳ್ಳಲು ಹಾಕಿದರು. ರಿಟೈರ್ ಆಗುವ ತನಕ ಹುಸೈನ್ ಸರ್ ತಂಡಕ್ಕೆ ಚೆಂಡಿಗೆ ಗಾಳಿ ತುಂಬಿಕೊಟ್ಟರು. ಹುಸೈನ್ ಸರ್ ಒಳ್ಳೆಯವರು, ನಮ್ಮ ಮನೆಗೆ ಬಂದರೆ ಅಪ್ಪನೆದುರು ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಆದರೆ ಅವರು ಕಪ್ ತಂದ ದಿನಗಳಲ್ಲಿ ಅಪ್ಪ ಊಟ ಬೇಡವೆಂದು ಮಲಗಿದ್ದನ್ನು ನಾನು ನೋಡಿದ್ದೇನೆ.

ಒಂದು ಮಾತು ಕೇಳುತ್ತೇನೆ, ಬೇಸರ ಮಾಡಬೇಡಿ. ಹಾಗೆ ಫೈನಲ್‌ನಲ್ಲಿ ಕೂತವರಲ್ಲಿ ನೀವೂ ಒಬ್ಬರಾ? ದಾಕ್ಷಿಣ್ಯ ಇಲ್ಲದವರ ಕಾಗದದ ಹಾಗಿಲ್ಲ ನಿಮ್ಮದು. ಸಿಟ್ಟು ಇರುವವರ ಕಾಗದದ ಹಾಗುಂಟು.

ರೆಜಿನಾ

ಅಬುಧಾಬಿ
ಫೆಬ್ರವರಿ 12, 2013

ರೆಜಿನಾ ಅವರಿಗೆ,

ಹೌದು. 1979ರಲ್ಲಿ ಕೂತವನು ನಾನೇ.

ಕೇಳಿದಿರಲ್ಲ, ಪೂರ್ತಿ ಕೇಳಿ. ಸೆಮಿಫೈನಲ್‌ನ ಎರಡೂ ಗೋಲು ನನ್ನವು. ಫೈನಲ್ ದಿನ ಬೂಟು ಕಟ್ಟಿಕೊಂಡು ನಿಂತಿದ್ದೆ. ನಿಮ್ಮ ತಂದೆ ಬಂದು “ಜಯಪಾಲ, ನೀನು ಕೂತ್ಕೊ” ಅಂದರು. “ಯಾಕೆ ಸರ್?” “ಕೂತ್ಕೊ ಅಂದೆನಲ್ಲ.” ಅಷ್ಟೇ. ನನ್ನ ಮುಖವನ್ನೂ ನೋಡಲಿಲ್ಲ. ಒಂದು ಗೋಲಿನಿಂದ ಸೋತೆವು. ನಮ್ಮ ಊರಿಗೆ ಊರೇ ಬಂದು ಮೈದಾನದ ಸುತ್ತ ನಿಂತಿತ್ತು. ನಾನೇನೋ ಹಲ್ಕಾ ಕೆಲಸ ಮಾಡಿರಬೇಕು, ಅದಕ್ಕೇ ಮಾಸ್ಟ್ರು ಕೂರಿಸಿದ್ದಾರೆ ಎಂದು ಜನ ಮಾತಾಡಿಕೊಂಡರು. ಕುಡಿದು ಬಂದಿದ್ದ ಎಂದವರೂ ಇದ್ದರು. ನನ್ನ ಪರವಾಗಿ ಒಂದೇ ಒಂದು ಮಾತು ಅವರ ಬಾಯಿಂದ ಬರಲಿಲ್ಲ.

ಸೋದರಮಾವ ಇಲ್ಲಿಂದ ವೀಸಾ ಕಳುಹಿಸಿದ್ದರು. ಹೋಗುವ ಮನಸ್ಸು ನನಗಿರಲಿಲ್ಲ. ಫೈನಲ್ ಚೆನ್ನಾಗಿ ಆಡಿದರೆ ರಾಜ್ಯ ತಂಡಕ್ಕೆ ಕರೆ ಬರುತ್ತದೆ ಎಂದು ಕನಸು ಕಟ್ಟಿದ್ದೆ. ಅದು ಹೋಯಿತು. ಮುಂದಿನ ವಾರ ಬೊಂಬಾಯಿ ಬಸ್ ಹತ್ತಿದೆ, ಅಲ್ಲಿಂದ ಇಲ್ಲಿಗೆ. ನಿಮ್ಮ ತಂದೆಗೆ ಹೇಳಿ ಹೊರಡಲೂ ಇಲ್ಲ. ಇಲ್ಲಿ ದುಡಿದು ಊರಿನಲ್ಲಿ ಮನೆ ಕಟ್ಟಿಸಿದೆ, ತಂಗಿಯರ ಮದುವೆ ಮಾಡಿದೆ, ಮಕ್ಕಳನ್ನು ಓದಿಸಿದೆ, ಎಲ್ಲ ಆಯಿತು. ಆದರೆ ಯಾವ ಫೈನಲ್ ನೋಡಲು ಕೂತರೂ ಈಗಲೂ ಅರ್ಧಕ್ಕೇ ಎದ್ದು ಹೋಗುತ್ತೇನೆ. ನನ್ನ ಹಾಗೆ ಕೂತವರು ಈ ಊರಿನಲ್ಲಿ ಇನ್ನೂ ಇದ್ದಾರೆ. ಅವರು ನಗುತ್ತಾರೆ, ನನಗೆ ನಗಲು ಬರುವುದಿಲ್ಲ.

ಕರೆಯೋಲೆ ಬೇಡವೆಂದದ್ದು ಕಮಿಟಿಯಲ್ಲ. ಕಮಿಟಿಯ ಮುಂದೆ ನಾನು ಅದನ್ನು ಇಟ್ಟೇ ಇಲ್ಲ, ಇಡುವುದೂ ಇಲ್ಲ. ಅವರು ಇಲ್ಲಿರುವುದನ್ನೂ ಯಾರಿಗೂ ಹೇಳಿಲ್ಲ. ಅಂದು ಅವರು ನನ್ನನ್ನು ಹೊರಗೆ ಕೂರಿಸಿದರು, ಈಗ ಅವರೂ ಹೊರಗೆ ಕೂರಲಿ. ಖಲಾಸ್.

ಜಯಪಾಲ

ಅಲ್ ಐನ್
ಫೆಬ್ರವರಿ 26, 2013

ಜಯಪಾಲಣ್ಣ,

ಇನ್ನು ಮಾನ್ಯ ಗೀನ್ಯ ಬೇಡ. ನಿಮ್ಮ ಕಾಗದ ಓದಿ ಹರಿದು ಹಾಕಬೇಕೆಂದಿದ್ದೆ. ಹಣ್ಣು ಮುದುಕನ ಮೇಲೆ ಇಷ್ಟು ಹಗೆಯಾ ಎಂದು ಮೈಯೆಲ್ಲ ಉರಿಯಿತು. ಉತ್ತರ ಬರೆಯಲೇಬಾರದು ಎಂದುಕೊಂಡು ದಿನ ಕಳೆದೆ. ಆಮೇಲೆ ಅಪ್ಪನ ಮೇಲೂ ಸಿಟ್ಟು ಬಂತು. ಕಾರಣವಿಲ್ಲದೆ ಒಬ್ಬ ಹುಡುಗನಿಗೆ ಹಾಗೆ ಮಾಡುತ್ತಾರಾ? ಮೊನ್ನೆ ಭಾನುವಾರ ಅಮ್ಮನಿಗೆ ಫೋನ್ ಮಾಡಿದಾಗ ನಿಮ್ಮ ಹೆಸರು ಹೇಳಿದೆ.

“ಯಾರು, ಜಲಜಾಕ್ಷಿಯಕ್ಕನ ಮಗನಾ?” ಅಂದರು ಅಮ್ಮ. “ಅವರ ಒಣ ಸಿಗಡಿ ತಿಂದು ನಿನ್ನಪ್ಪ ಒಂದು ಕಪ್ ಕಳ್ಕೊಂಡದ್ದಲ್ವಾ!”

ನಾನು ಕೂತಲ್ಲಿಂದ ಎದ್ದೆ. ಅಮ್ಮ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

ಫೈನಲ್‌ನ ಹಿಂದಿನ ದಿನ ನಿಮ್ಮ ತಾಯಿ ನಮ್ಮ ಮನೆಯ ಹಿತ್ತಲ ಬಾಗಿಲಿಗೆ ಬಂದರಂತೆ, ಕೈಯಲ್ಲಿ ಒಣ ಸಿಗಡಿಯ ಪೊಟ್ಟಣ. “ಮಾಸ್ಟ್ರೇ, ಮಗನ ವೀಸಾ ಬಂದಿದೆ. ಬರುವ ವಾರ ಬೊಂಬಾಯಿಯಲ್ಲಿ ಮೆಡಿಕಲ್. ನಾಳೆ ಅವನನ್ನು ಆಡಿಸ್ಬೇಡಿ.” ಅದಕ್ಕೆ ಹಿಂದಿನ ವರ್ಷ ನಿಮ್ಮ ಕೇರಿಯ ಹುಡುಗನೊಬ್ಬ ಆಟದಲ್ಲಿ ಕಾಲು ಮುರಿದುಕೊಂಡು, ಪ್ಲಾಸ್ಟರ್ ಹಾಕಿದ ಕಾಲಿನಲ್ಲೇ ಮೆಡಿಕಲ್‌ಗೆ ಹೋಗಿ, ಅನ್‌ಫಿಟ್ ಎಂದು ವಾಪಸ್ ಬಂದಿದ್ದನಂತಲ್ಲ. ಅವನ ವೀಸಾ ಬೇರೆಯವರ ಪಾಲಾಯಿತಂತೆ. ಅಪ್ಪ ಮೊದಲು ಆಗುವುದೇ ಇಲ್ಲ ಅಂದರಂತೆ. “ಅವನಿಲ್ಲದೆ ಫೈನಲ್ ಆಡುದು ಹೇಗೆ ಅಮ್ಮಾ?” ಅಂದದ್ದಕ್ಕೆ ನಿಮ್ಮ ತಾಯಿ, “ಕಪ್ ಮುಂದಿನ ವರ್ಷವೂ ಉಂಟು ಮಾಸ್ಟ್ರೇ. ವೀಸಾ ಉಂಟಾ?” ಅಂದರಂತೆ. ಅಪ್ಪ ಒಪ್ಪಿದರಂತೆ. ಗೊತ್ತಾದರೆ ಮಗ ವೀಸಾ ಬಿಟ್ಟು ಆಡಲು ಓಡುತ್ತಾನೆ ಎಂದು, ಯಾವತ್ತೂ ಹೇಳುವುದಿಲ್ಲ ಅಂತ ಆಣೆ ಹಾಕಿಸಿಕೊಂಡೇ ನಿಮ್ಮ ತಾಯಿ ಮೆಟ್ಟಿಲು ಇಳಿದರಂತೆ.

ಅಲ್ಲಿಗೆ ಮುಗಿದಿದ್ದರೆ ಆಗುತ್ತಿತ್ತು. ಮಗನಿಗೆ ಹೇಳದ ಗುಟ್ಟನ್ನು ನಿಮ್ಮ ತಾಯಿ ಉಳಿದ ತಾಯಂದಿರಿಗೆ ಹೇಳಿದರು ಎಂದು ಕಾಣುತ್ತದೆ. ಫೈನಲ್ ಬಂತೆಂದರೆ ವೀಸಾ ಬಂದ ಹುಡುಗನ ತಾಯಿ ನಮ್ಮ ಹಿತ್ತಲಿನಲ್ಲಿ. ಒಬ್ಬರ ಕೈಯಲ್ಲಿ ತೆಂಗಿನಕಾಯಿ, ಮತ್ತೊಬ್ಬರ ಕೈಯಲ್ಲಿ ಜೀವಂತ ಕೋಳಿ. ಅಪ್ಪ ಕೋಳಿಯನ್ನು ವಾಪಸ್ ಕಳುಹಿಸಿದರಂತೆ, ಹುಡುಗನನ್ನು ಕೂರಿಸಿದರಂತೆ.

“ಆಣೆ ಮುರಿದೆಯಲ್ಲ ಅಮ್ಮಾ” ಅಂದೆ. “ಆಣೆ ಹಾಕಿದ್ದು ಅವರು ಮಾರಾಯ್ತಿ. ನಾನು ಕಾಫಿ ಮಾಡಿ ಕೊಟ್ಟದ್ದು ಮಾತ್ರ” ಅಂದರು.

ಅಪ್ಪನಿಗೆ ನಾನು ಏನೂ ಹೇಳಿಲ್ಲ. ಇದು ಕರೆಯೋಲೆಗಾಗಿ ಬರೆದ ಕಾಗದವೂ ಅಲ್ಲ. ಅದನ್ನು ಇನ್ನು ಕೇಳುವುದಿಲ್ಲ. ಆದರೆ ನೀವು ಇದನ್ನು ತಿಳಿಯದೆ ಇರಬಾರದು ಅನ್ನಿಸಿತು.

ರೆಜಿನಾ

ಅಬುಧಾಬಿ
ಮಾರ್ಚ್ 9, 2013

ರೆಜಿನಾ ಬಾಯಿ,

ನಿಮ್ಮ ಕಾಗದ ಓದಿ ಮೊದಲು ಸುಳ್ಳು ಅಂದೆ. ತಂದೆಯನ್ನು ಉಳಿಸಲು ಮಗಳು ಕಥೆ ಕಟ್ಟಿದ್ದಾಳೆ ಎಂದು ಮನೆಯಲ್ಲಿ ಕೂಗಾಡಿದೆ. ಹೆಂಡತಿ ಫೋನನ್ನು ನನ್ನ ಕೈಗಿಟ್ಟು, “ಅತ್ತೆ ಇದ್ದಾರಲ್ಲ, ಅವರತ್ರವೇ ಕೇಳಿ” ಅಂದಳು. ಕೇಳುವ ಧೈರ್ಯ ಬರಲು ಕೆಲವು ದಿನ ಹಿಡಿಯಿತು.

ಅಮ್ಮ ತಂಗಿಯ ಮನೆಯಲ್ಲಿದ್ದಾರೆ. ಕೇಳಿದೆ. “ಹೌದು, ನಾನೇ ಹೇಳಿದ್ದು. ಈಗ ಎಂತ ಅದಕ್ಕೆ? ನಿನ್ನತ್ರ ಹೇಳಿದ್ರೆ ನೀನು ಕೇಳ್ತಿದ್ದೆಯಾ?” ಅಂದರು. ಕೇಳುತ್ತಿರಲಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. “ಮಾಸ್ಟ್ರು ಇದ್ದಾರಾ? ನಾನು ಕೇಳಿದೆ ಅಂತ ಹೇಳು” ಎಂದು ಫೋನ್ ಇಟ್ಟರು.

ನಿನ್ನೆ ಶುಕ್ರವಾರ ಖಾಲಿದಿಯಾದ ಹೋಟೆಲೊಂದರ ಹಾಲ್‌ನಲ್ಲಿ ಮತ ಹಾಕುವ ಸಭೆಯಿತ್ತು. ನಾನು ಲೇಖನ ಓದಬೇಕಿತ್ತು. ಓದಲಿಲ್ಲ. “ಮಾಸ್ಟ್ರು ಯಾರನ್ನೆಲ್ಲ ಫೈನಲ್‌ನಲ್ಲಿ ಕೂರಿಸಿದ್ದಾರೆ, ಕೈಯೆತ್ತಿ” ಅಂದೆ. ನಗುತ್ತ ಎತ್ತಿದರು. “ಆಗ ಕೈಯಲ್ಲಿ ವೀಸಾ ಇಲ್ಲದೆ ಇದ್ದವರು ಕೈ ಕೆಳಗೆ ಹಾಕಿ” ಅಂದೆ. ಒಂದು ಕೈಯೂ ಇಳಿಯಲಿಲ್ಲ. ಅಲ್ಲಿಗೆ ನಗು ನಿಂತಿತು. ನಿಮ್ಮ ಅಮ್ಮ ಹೇಳಿದ್ದನ್ನು ಹೇಳಿದೆ.

ಒಬ್ಬ ಮೊಬೈಲ್ ಹಿಡಿದುಕೊಂಡು ಹೊರಗೆ ಹೋದ. ಅವನ ಹಿಂದೆ ಇನ್ನೊಬ್ಬ. ತಲೆ ನರೆತ ಗಂಡಸರೆಲ್ಲ ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತು ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ತಮ್ಮ ತಮ್ಮ ತಾಯಂದಿರ ವಿಚಾರಣೆ ನಡೆಸಿದರು. ಕೈಯೆತ್ತಿದವರಲ್ಲಿ ಭಟ್ಕಳದ ತಮೀಮ್ ಮಾತ್ರ ಕೂತಲ್ಲೇ ಇದ್ದ. ಅವನ ತಾಯಿ ತೀರಿಕೊಂಡು ಬಹಳ ಕಾಲವಾಯಿತು. ನಾನು ಹೋಗಿ ಪಕ್ಕದಲ್ಲಿ ಕೂತೆ. “ಕೋಳಿ ಹಿಡ್ಕೊಂಡು ಹೋದದ್ದು ನಮ್ಮಮ್ಮನೇ ಇರ್ಬೇಕು. ಅವಳಿಗೇ ಅಷ್ಟು ಧೈರ್ಯ” ಎಂದು ಹೇಳಿ ಕರವಸ್ತ್ರ ತೆಗೆದ. ನನಗೂ ತಡೆಯಲಾಗಲಿಲ್ಲ.

ಮತಕ್ಕೆ ಹಾಕುವ ಪ್ರಸಂಗವೇ ಬರಲಿಲ್ಲ. ಕಪ್‌ಗೆ ಆನ್ಸೆಲ್ಮ್ ಮಾಸ್ಟ್ರ ಹೆಸರು ಎಂದು ಒಮ್ಮತದಿಂದ ತೀರ್ಮಾನವಾಗಿದೆ. ಮುಖ್ಯ ಅತಿಥಿಯ ಕರೆಯೋಲೆ ಇದರ ಜೊತೆಗಿದೆ. ಪೋಸ್ಟ್ ನಂಬದೆ ಅಲಿಕುಂಞಿ ಕೈಯಲ್ಲೇ ಕಳುಹಿಸುತ್ತಿದ್ದೇನೆ. ಶುಕ್ರವಾರ ಬೆಳಿಗ್ಗೆ ಕಾರು ನಿಮ್ಮ ಬಾಗಿಲಿಗೆ ಬರುತ್ತದೆ, ಓಡಿಸುವವನು ನಾನೇ.

ಒಂದು ಮಾತು ನಿಮಗೆ ಮಾತ್ರ ಹೇಳುತ್ತೇನೆ. ನನ್ನ ಸಂಕಟ ಪೂರ್ತಿ ಹೋಗಿಲ್ಲ. ನನ್ನನ್ನು ಒಂದು ಮಾತು ಕೇಳದೆ ನನ್ನ ಆಟವನ್ನು ಅವರಿಬ್ಬರೂ ಸೇರಿ ತೀರ್ಮಾನಿಸಿದರಲ್ಲ ಎಂಬುದು ಈಗಲೂ ಚುಚ್ಚುತ್ತದೆ. ಆದರೆ ಅಮ್ಮನನ್ನು ಬೈಯಲಾಗುವುದಿಲ್ಲ, ಮಾಸ್ಟ್ರನ್ನು ಇನ್ನು ಬೈಯುವ ಬಾಯಿಯೇ ಇಲ್ಲ. ಅವರು ಕಾರಿನಲ್ಲಿ ಕೂತ ಮೇಲೆ ಏನು ಮಾತಾಡಬೇಕೆಂದು ನನಗೆ ತಿಳಿಯುತ್ತಿಲ್ಲ.

ನಿಮ್ಮ,
ಜಯಪಾಲ

ಅಲ್ ಐನ್
ಮಾರ್ಚ್ 12, 2013

ಜಯಪಾಲಣ್ಣ,

ಅಲಿಕುಂಞಿಯವರ ವ್ಯಾನು ಕೆಳಗೆ ಕಾಯುತ್ತಿದೆ, ಬೇಗ ಬರೆಯುತ್ತೇನೆ.

ಕರೆಯೋಲೆಯನ್ನು ಅಪ್ಪನ ಕೈಗೆ ಕೊಟ್ಟೆ. ಓದಿದರು, ಕನ್ನಡಕ ಒರೆಸಿ ಮತ್ತೆ ಓದಿದರು. “ಕಪ್‌ಗೆ ನನ್ನ ಹೆಸರು ಎಂತಕ್ಕೆ?” ಅಂದರು. ಹೇಳದೆ ಬೇರೆ ದಾರಿ ಇರಲಿಲ್ಲ, ಎಲ್ಲ ಹೇಳಿದೆ. ಕೂಡಲೇ ಅಮ್ಮನಿಗೆ ಫೋನ್ ಹೋಯಿತು. ಆ ಕೊಂಕಣಿಯನ್ನು ಇಲ್ಲಿ ಬರೆಯುವ ಹಾಗಿಲ್ಲ. ಆಮೇಲೆ ಬಾಲ್ಕನಿಯಲ್ಲಿ ಒಬ್ಬರೇ ಕೂತರು. ಚಹಾ ತೆಗೆದುಕೊಂಡು ಹೋದಾಗ ಅಳುತ್ತಿದ್ದರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಚಹಾ ಕುಡಿದ ಮೇಲೆ ತೀರ್ಮಾನ ಹೇಳಿದರು. ನನಗೆ ಅದು ಇಷ್ಟವಿಲ್ಲ, ವಾದ ಮಾಡಿ ನೋಡಿದೆ, ಕೇಳಲಿಲ್ಲ. “ಕಪ್‌ಗೆ ಹುಸೈನನ ಹೆಸರೇ ಇಡ್ಲಿ. ಗೆದ್ದದ್ದು ಅವನು. ಅವನನ್ನೇ ಅತಿಥಿ ಮಾಡ್ಲಿ. ನಾನು ಸೋತದ್ದು ಸೋತದ್ದೇ, ಕಾರಣ ಉಂಟು ಅಂತ ಸೋಲು ಗೆಲುವು ಆಗುದಿಲ್ಲ. ಕೂತವರದ್ದು ಸರಿ, ಆ ದಿನ ಆಡಿದ ಮಕ್ಕಳು? ಅವರು ಗೆಲ್ಬೇಕು ಅಂತಲೇ ಜೀವ ಬಿಟ್ಟು ಓಡಿದ್ದು. ಅವರಿಗೆ ನಾನು ಮೋಸ ಮಾಡಿದ್ದೇನೆ. ಅವರೆದುರು ಆ ಕಪ್ ಹಿಡ್ಕೊಳ್ಳಿಕ್ಕೆ ನನ್ನಿಂದ ಆಗುದಿಲ್ಲ.”

ಹಾಗಾದರೆ ಬರುವುದಿಲ್ಲವಾ ಅಂದೆ. ಕರೆದ ಮೇಲೆ ಹೋಗದೆ ಇರಲಿಕ್ಕೆ ಉಂಟಾ ಎಂದು ನನಗೇ ಬೈದರು. ಸುಮ್ಮನೆ ಬದಿಯಲ್ಲಿ ಕುರ್ಚಿ ಹಾಕಿ ಕೂರಿಸಿದರೆ ಸಾಕಂತೆ, ಮಾಲೆ ಭಾಷಣ ಯಾವುದೂ ಬೇಡವಂತೆ. ನಿಮ್ಮೆಲ್ಲರಿಗೂ ಒಂದೇ ಒಂದು ಮಾತು ಹೇಳಲು ಹೇಳಿದ್ದಾರೆ.

“ನಾನು ಕೂರಿಸಿದವರು ಯಾರೂ ಪ್ಯಾಂಟು ಹಾಕ್ಕೊಂಡು ಬರುದು ಬೇಡ. ಎಲ್ಲರೂ ಚಡ್ಡಿ ಹಾಕ್ಕೊಂಡೇ ಬರ್ಲಿ. ನಂಗೆ ಅವರ ಕಾಲು ನೋಡ್ಬೇಕು.”

ರೆಜಿನಾ